ಸುಮ್ಮನೆ ಕೂತ ನೀಲಿ ವೈರು

ಕೆಲವರಿಗೆ ಸಕ್ಕರೆ ಕಾಯಿಲೆ ಇರುತ್ತದೆ, ಕೆಲವರಿಗೆ ರಕ್ತದೊತ್ತಡ. ನನಗಿರುವುದು ಅನುಮಾನ. ಚಿಕ್ಕ ವಯಸ್ಸಿನಲ್ಲೇ ಅಂಟಿಕೊಂಡಿದ್ದು. ಔಷಧಿ ತೆಗೆದುಕೊಳ್ಳಲಿಲ್ಲ, ಪಥ್ಯ ಮಾಡಲಿಲ್ಲ, ಹಾಗಾಗಿ ಚೆನ್ನಾಗಿಯೇ ಬೆಳೆದಿದೆ. ನಾನು ಕೆಲಸ ಮಾಡುವುದು ದಾವಣಗೆರೆಯ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ, ಮ್ಯಾನೇಜರ್ ಎಂಬ ಹೆಸರಿನಲ್ಲಿ. ಮನುಷ್ಯನ ಮೈಯೊಳಗಿನ ನೂರೆಂಟು ತಾಪತ್ರಯಗಳನ್ನು ಅಲ್ಲಿ ಒಂದು ಸಣ್ಣ ಕೊಳವೆಯಷ್ಟು ರಕ್ತದಿಂದ ಹೇಳಿಬಿಡುತ್ತಾರೆ. ಅನುಮಾನಕ್ಕೆ ಮಾತ್ರ ಇನ್ನೂ ಪರೀಕ್ಷೆ ಬಂದಿಲ್ಲ. ಬಂದರೂ ಆ ರಿಪೋರ್ಟನ್ನು ನಾನು ನಂಬುವವನಲ್ಲ, ಬೇರೆ ಲ್ಯಾಬಿಗೆ ಹೋಗಿ ಇನ್ನೊಮ್ಮೆ ಮಾಡಿಸುತ್ತೇನೆ.

ಈ ಕಾಯಿಲೆಯ ಪೂರ್ತಿ ಚರಿತ್ರೆ ನನ್ನ ಹೆಂಡತಿ ಗಿರಿಜಾಳ ಹತ್ತಿರ ಇದೆ. ನಾನು ಅವಳನ್ನು ನೋಡಲು ಹೋದ ದಿನ ತಟ್ಟೆಯಲ್ಲಿ ಉಪ್ಪಿಟ್ಟು ಬಂತು. "ನಮ್ ಹುಡುಗೀನೇ ಮಾಡಿದ್ದು" ಎಂದು ಅವಳ ಸೋದರಮಾವ ಹೇಳಿದರು. ಇಂಥ ಕಡೆ ಎಲ್ಲರೂ ಹೀಗೆಯೇ ಹೇಳುತ್ತಾರೆ, ಬಂದವರು ತಲೆಯಾಡಿಸಿ ತಿಂದು ಏಳುತ್ತಾರೆ. ನಾನು ಕೈ ತೊಳೆಯುವ ನೆಪ ಹೇಳಿ ಹಿತ್ತಲಿಗೆ ಹೋದೆ, ಅಡುಗೆಮನೆಯ ಕಿಟಕಿಯಲ್ಲಿ ಇಣುಕಿದೆ. ಒಳಗೆ ಅವಳ ಅತ್ತೆಯೊಬ್ಬರು ಬಾಣಲೆ ಕೆರೆಯುತ್ತಾ ನಿಂತಿದ್ದರು. ಹುಡುಗಿ ಪಕ್ಕದ ಕೋಣೆಯಲ್ಲಿ ಸೀರೆಗೆ ಪಿನ್ನು ಹಾಕಿಸಿಕೊಳ್ಳುತ್ತಿದ್ದಳು. ಅನುಮಾನ ನಿಜವಾದ ಸಂತೋಷದಲ್ಲಿ ನಾನು ಅಲ್ಲೇ ಮದುವೆಗೆ ಒಪ್ಪಿಬಿಟ್ಟೆ. ಇವತ್ತಿಗೂ ಮನೆಯಲ್ಲಿ ಉಪ್ಪಿಟ್ಟು ಮಾಡಿದ ದಿನ ಅವಳು ತಟ್ಟೆ ತಂದು ನನ್ನ ಮುಂದೆ ಕುಕ್ಕಿ, "ನಾನೇ ಮಾಡೀನಿ, ಬೇಕಾದ್ರೆ ಒಳಗೆ ಬಂದು ನೋಡ್ಕಂಡು ಹೋಗ್ರಿ" ಎನ್ನುತ್ತಾಳೆ. ನಾನು ಒಂದೆರಡು ಸಲ ಹೋಗಿ ನೋಡಿದ್ದೂ ಉಂಟು.

ಎಲ್ಲ ತಪ್ಪನ್ನೂ ನನ್ನ ಸ್ವಭಾವದ ಮೇಲೆ ಹಾಕುವುದು ನ್ಯಾಯವಲ್ಲ. ನನ್ನ ಮೊದಲ ಉದ್ಯೋಗವೂ ಹಾಗೆಯೇ ಇತ್ತು. ನಮ್ಮೂರು ಲೋಕಿಕೆರೆಯಿಂದ ಬೆಳಗಿನ ಬಸ್ಸು ಹಿಡಿದು ಬಂದು, ಇಲ್ಲಿನ ಒಂದು ಬಟ್ಟೆ ಮಿಲ್ಲಿನ ಗೇಟಿನಲ್ಲಿ ಹಾಜರಿ ಗುಮಾಸ್ತನಾಗಿ ಕೂರುತ್ತಿದ್ದೆ. ಒಬ್ಬೊಬ್ಬ ಕೆಲಸಗಾರನಿಗೂ ನಂಬರು ಕೊರೆದ ಒಂದು ಬಿಲ್ಲೆ. ಒಳಗೆ ಹೋಗುವಾಗ ಅದನ್ನು ನನ್ನ ಮುಂದಿನ ಹಲಗೆಗೆ ನೇತುಹಾಕಬೇಕು. ಕೆಲವರು ತಮ್ಮ ಬಿಲ್ಲೆಯ ಜೊತೆ, ಮನೆಯಲ್ಲಿ ಹಾಯಾಗಿ ಮಲಗಿದ ಗೆಳೆಯನ ಬಿಲ್ಲೆಯನ್ನೂ ನೇತುಹಾಕಿ ಹೋಗುತ್ತಿದ್ದರು. ಅದನ್ನು ಹಿಡಿಯುವುದೇ ನನ್ನ ಕೆಲಸ. ಒಬ್ಬನಿಗೆ ಒಂದು ನಂಬರು, ಒಂದು ನಂಬರಿಗೆ ಒಬ್ಬ ಮನುಷ್ಯ ಎಂಬುದು ಆಗ ನನ್ನ ತಲೆಯಲ್ಲಿ ಕೂತಿದ್ದು ಮಿಲ್ಲು ಮುಚ್ಚಿದರೂ ಏಳಲಿಲ್ಲ.

ಈಗ ನಮ್ಮ ಲ್ಯಾಬಿನ ವಿಷಯ. ನಮ್ಮ ಡಾಕ್ಟರಮ್ಮನವರದು ದಾವಣಗೆರೆಯಲ್ಲಿ ದೊಡ್ಡ ಲ್ಯಾಬು, ಹರಿಹರದಲ್ಲಿ ಒಂದು ಚಿಕ್ಕ ಕೇಂದ್ರ. ಹರಿಹರದಲ್ಲಿ ತೆಗೆದ ರಕ್ತ ಐಸು ಡಬ್ಬಿಯಲ್ಲಿ ವ್ಯಾನು ಹತ್ತಿ ಇಲ್ಲಿಗೆ ಬರುತ್ತದೆ. ಇಲ್ಲಿ ಪರೀಕ್ಷೆಯಾಗುತ್ತದೆ. ಫಲಿತಾಂಶ ನಮ್ಮ ಸರ್ವರ್ ಎಂಬ ದೊಡ್ಡ ಕಂಪ್ಯೂಟರಿನಲ್ಲಿ ಕೂರುತ್ತದೆ, ಅಲ್ಲಿಂದ ಹರಿಹರದ ಶಕುಂತಲಮ್ಮ ತಮ್ಮ ಕಂಪ್ಯೂಟರಿನಲ್ಲಿ ತೆಗೆದು ಜನರಿಗೆ ಪ್ರಿಂಟು ಹಾಕಿ ಕೊಡುತ್ತಾರೆ. ಒಂದು ದಿನ ಸರ್ವರಿನಿಂದ ಹೊರಟ ಒಂದೇ ಒಂದು ವೈರನ್ನು ಇಲಿ ಕಡಿಯಿತು. ಹರಿಹರದಲ್ಲಿ ಅರ್ಧ ದಿನ ರಿಪೋರ್ಟಿಲ್ಲ. ಜನ ಶಕುಂತಲಮ್ಮನವರ ಮೇಲೆ ಕೂಗಾಡಿದರು, ಅವರು ನನ್ನ ಮೇಲೆ ಕೂಗಾಡಿದರು, ನಾನು ಇಲಿಯನ್ನು ಹುಡುಕಿದೆ. ಡಾಕ್ಟರಮ್ಮ, "ಒಂದೇ ವೈರು ನಂಬ್ಕಂಡು ಕೂತ್ಕೊಳ್ಳೋದು ಬ್ಯಾಡ ನಾಗರಾಜಪ್ಪರೇ, ಎರಡು ಹಾಕಿಸಿಬಿಡೋಣ" ಎಂದು ಕೊಟ್ರೇಶನನ್ನು ಕರೆಸಿದರು.

ಕೊಟ್ರೇಶ ಸಾರಥಿ ಎಂಬ ಹಳ್ಳಿಯವನು. ಹರಿಹರದ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಪುಟ್ಟ ಅಂಗಡಿ ಇಟ್ಟುಕೊಂಡು ಆಸ್ಪತ್ರೆ, ಅಕ್ಕಿ ಗಿರಣಿಗಳ ಕಂಪ್ಯೂಟರುಗಳಿಗೆ ವೈರು ಎಳೆಯುವ ಕೆಲಸ ಮಾಡುತ್ತಾನೆ. ವಯಸ್ಸು ಮೂವತ್ತೈದರ ಆಚೀಚೆ. ಮಾತು ಕಡಿಮೆ. ಮಾತು ಕಡಿಮೆ ಇರುವವರನ್ನು ಕಂಡರೆ ನನಗೆ ಅನುಮಾನ. ಮಾತು ಜಾಸ್ತಿ ಇರುವವರನ್ನು ಕಂಡರೂ ಅನುಮಾನವೇ, ಅದು ಬೇರೆ ಮಾತು. ಅವನು ಒಂದು ಹಳದಿ ವೈರು, ಒಂದು ನೀಲಿ ವೈರು ತಂದ. ಸರ್ವರಿನ ಬೆನ್ನಿನಲ್ಲಿದ್ದ ಎರಡು ತೂತುಗಳಿಗೆ ಒಂದೊಂದನ್ನು ಸಿಕ್ಕಿಸಿದ. ಎರಡರ ಇನ್ನೊಂದು ತುದಿಯನ್ನು ಗೋಡೆಯ ಮೇಲಿನ, ಮಾಹಿತಿಯನ್ನು ಹೊರಗೆ ಕಳಿಸುವ ಎರಡು ಬೇರೆ ಬೇರೆ ಸ್ವಿಚ್ಚು ಪೆಟ್ಟಿಗೆಗಳಿಗೆ ಕೊಟ್ಟ. ಆಮೇಲೆ ಕಪ್ಪು ಪರದೆಯ ಮುಂದೆ ಕೂತು ಏನೇನೋ ಕುಟ್ಟಿದ.

"ಎರಡನ್ನೂ ಸೇರಿಸಿ ಒಂದು ಗುಂಪು ಮಾಡೀನಿ ಸರ" ಎಂದ. "ಹಳದಿ ಕೆಲಸ ಮಾಡ್ತೈತೆ, ನೀಲಿ ಕಾಯ್ತೈತೆ. ಹಳದಿಗೆ ಏನಾದ್ರೂ ಆದ್ರೆ ಆ ಕ್ಷಣಕ್ಕೆ ನೀಲಿ ಎದ್ದು ನಿಲ್ತೈತೆ. ಹರಿಹರದಾಗೆ ಕುಂತೋರಿಗೆ ಗೊತ್ತೇ ಆಗಂಗಿಲ್ಲ."

"ಹಂಗಾದ್ರೆ ನೀಲಿ ಈಗ ಏನ್ ಮಾಡ್ತಾ ಐತಪ್ಪ?"

"ಏನೂ ಇಲ್ಲ ಸರ. ಸುಮ್ನೆ ಕುಂತೈತೆ."

ಯಾರಿಗೂ ಗೊತ್ತಾಗುವುದಿಲ್ಲ ಎಂದು ಯಾರಾದರೂ ಹೇಳಿದರೆ ನನ್ನ ಕಿವಿ ನೆಟ್ಟಗಾಗುತ್ತದೆ. ಅದರ ಮೇಲೆ ಈ ಏನೂ ಮಾಡದೆ ಸುಮ್ಮನೆ ಕೂರುವ ಕೆಲಸ ಬೇರೆ. ಕೊಟ್ರೇಶ ಹೋಗುವ ಮೊದಲು ಒಂದು ದೊಡ್ಡ ತಪ್ಪು ಮಾಡಿದ. ಗುಂಪಿನ ಸ್ಥಿತಿ ನೋಡುವುದಕ್ಕೆ ಏನು ಕುಟ್ಟಬೇಕು ಎನ್ನುವುದನ್ನು ಒಂದು ಚೀಟಿಯಲ್ಲಿ ಬರೆದು, "ಬೇಕಾದಾಗ ನೋಡ್ಕಳ್ರಿ ಸರ" ಎಂದು ನನ್ನ ಕೈಗೇ ಕೊಟ್ಟ. ನನ್ನನ್ನು ಬಲ್ಲವರು ಯಾರೂ ಇಂಥ ಚೀಟಿ ಕೊಡುವುದಿಲ್ಲ.

ಮಾರನೇ ದಿನ ಬೆಳಿಗ್ಗೆ ಕನ್ನಡಕ ಒರೆಸಿಕೊಂಡು ಚೀಟಿಯಲ್ಲಿದ್ದಂತೆ ಕುಟ್ಟಿದೆ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಹತ್ತಾರು ಸಾಲು ಬಂದವು. ಒಂದು ಗಂಟೆ ಕೂತು ಓದಿದ ಮೇಲೆ ಮೈ ಬಿಸಿಯಾಯಿತು. ವೈರು ಸಿಕ್ಕಿಸುವ ತೂತುಗಳು ಪೆಟ್ಟಿಗೆಯ ಬೆನ್ನಿನಲ್ಲಿ ಎರಡೇ ಇದ್ದವು, ಟಾರ್ಚು ಹಾಕಿ ಎಣಿಸಿದ್ದೆ. ಪರದೆ ಮಾತ್ರ ಮೂರು ಹೆಸರು ತೋರಿಸುತ್ತಿತ್ತು. ಬಾಂಡ್ ಝೀರೋ ಎಂಬ ಮೂರನೆಯವನೊಬ್ಬ ಎಲ್ಲಿಯೂ ಕಣ್ಣಿಗೆ ಕಾಣದೆ ಕೂತಿದ್ದ. ಅವನ ಹೆಸರಿನ ಮುಂದೆ ದಪ್ಪ ಅಕ್ಷರದಲ್ಲಿ ಮಾಸ್ಟರ್ ಎಂದಿತ್ತು. ಪಾಪ, ನಿಜವಾಗಿ ವೈರು ಹಿಡಿದುಕೊಂಡಿದ್ದ ಇಬ್ಬರ ಮುಂದೆ ಸ್ಲೇವ್ ಎಂದಿತ್ತು. ಸರ್ವರಿನ ವಿಳಾಸ ಇದ್ದದ್ದೂ ಆ ಕಾಣದವನ ಹೆಸರಿನಲ್ಲೇ, ದುಡಿಯುವ ಇಬ್ಬರಿಗೆ ವಿಳಾಸವೇ ಇಲ್ಲ. ನಮ್ಮ ಸರಸ್ವತಿ ನಗರದ ಗಣಪತಿ ಸಮಿತಿಗೆ ಒಬ್ಬರು ಗೌರವಾಧ್ಯಕ್ಷರಿದ್ದಾರೆ. ರಸೀದಿ ಪುಸ್ತಕದ ನೆತ್ತಿಯ ಮೇಲೆ ಅವರ ಹೆಸರಿರುತ್ತದೆ, ಪೆಂಡಾಲಿನ ಗಳ ಹೊರುವಾಗ ಅವರನ್ನು ಇವತ್ತಿನವರೆಗೂ ಯಾರೂ ಕಂಡಿಲ್ಲ. ನನಗೆ ತಕ್ಷಣ ಅವರ ನೆನಪಾಯಿತು.

ಇದನ್ನಾದರೂ ಸಹಿಸಿಕೊಳ್ಳುತ್ತಿದ್ದೆನೇನೋ. ಆದರೆ ಪ್ರತಿ ಹೆಸರಿನ ಕೆಳಗೂ ಒಂದು ಉದ್ದನೆಯ ನಂಬರಿತ್ತು. ಕಾರ್ಖಾನೆಯಲ್ಲೇ ಪ್ರತಿಯೊಂದು ತೂತಿಗೂ ಬೇರೆ ಬೇರೆ ನಂಬರು ಕೊಟ್ಟು ಕಳಿಸಿರುತ್ತಾರೆ, ಒಂದರ ನಂಬರು ಇನ್ನೊಂದಕ್ಕೆ ಇರುವುದಿಲ್ಲ ಎಂದು ಹಿಂದೊಮ್ಮೆ ಕೊಟ್ರೇಶನೇ ಹೇಳಿದ್ದ. ಇಲ್ಲಿ ನೋಡಿದರೆ ಮೂರಕ್ಕೂ ಒಂದೇ ನಂಬರು. ಒಂದೊಂದು ಅಕ್ಷರದ ಮೇಲೂ ಬೆರಳಿಟ್ಟು ತಾಳೆ ನೋಡಿದೆ, ವ್ಯತ್ಯಾಸವೇ ಇಲ್ಲ. ನನ್ನ ಕಣ್ಣ ಮುಂದೆ ಮಿಲ್ಲಿನ ಗೇಟು ಬಂದು ನಿಂತಿತು. ಒಂದು ವೈರು ದುಡಿಯುತ್ತಿದೆ, ಅದೇ ನಂಬರಿನ ಇನ್ನೊಂದು ವೈರು ಹಾಜರಿ ಹಾಕಿಸಿಕೊಂಡು ಮಲಗಿದೆ, ಮೇಸ್ತ್ರಿ ಎನ್ನುವವನು ಹುಟ್ಟಿಯೇ ಇಲ್ಲ. ಕೂಡಲೇ ಕೊಟ್ರೇಶನಿಗೆ ಫೋನು ಮಾಡಿದೆ.

"ಆ ಮೂರನೇದು ಪೆಟ್ಟಿಗ್ಯಾಗೆ ಇರಂಗಿಲ್ಲ ಸರ" ಎಂದ ಅವನು. "ಗುಂಪಿಗೆ ಅಂತ ಕಂಪ್ಯೂಟರ್ ತಾನೇ ಮಾಡ್ಕಂಡಿರೋ ಹೆಸರದು. ಹೊರಗಿನೋರಿಗೆ ಅದೊಂದೇ ಕಾಣ್ತೈತೆ, ಒಳಗೆ ದುಡಿಯೋವು ಇವೆರಡೇ. ಗುಂಪಿಗೆ ಸೇರಿಸಿದ ಮ್ಯಾಲೆ ಎಲ್ಲದಕ್ಕೂ ಒಂದೇ ನಂಬರ್ ಕೊಡ್ತೈತೆ. ಇಲ್ಲಾಂದ್ರೆ ಹಳದಿ ಹೋಗಿ ನೀಲಿ ಬಂದಾಗ ಹೊರಗಿನೋರು ಇದ್ಯಾವುದಪ್ಪ ಹೊಸಾದು ಅಂತ ಗಲಿಬಿಲಿ ಆಗ್ತಾರೆ."

"ಮತ್ತೆ ಈ ಸ್ಲೇವ್ ಅನ್ನೋದು? ಏನ್ ಮಾತಪ್ಪ ಇದು?"

"ಹಳೇ ಪದ ಸರ. ನನಗೂ ಸೇರಂಗಿಲ್ಲ. ಹೊಸದರಾಗೆ ಒಂದೊಂದಾಗಿ ತೆಗೀತಾ ಅದಾರೆ."

ಕೇಳಿದ್ದಕ್ಕೆಲ್ಲ ಉತ್ತರ ಇತ್ತು. ಒಂದಕ್ಕೂ ತಡವರಿಸಲಿಲ್ಲ. ಪ್ರಾಮಾಣಿಕ ಮನುಷ್ಯ ಎಲ್ಲಾದರೂ ಒಂದು ಕಡೆ "ಅದು ನನಗೂ ಸರಿಯಾಗಿ ಗೊತ್ತಿಲ್ಲ" ಎನ್ನಬೇಕಲ್ಲವೇ ಎಂದು ನನ್ನ ಅನುಮಾನ ಇನ್ನೂ ಗಟ್ಟಿಯಾಯಿತು.

ಅಂದಿನಿಂದ ಸರ್ವರ್ ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕಾವಲು ಶುರುಮಾಡಿದೆ. ಹೆಸರಿಗೆ ಸರ್ವರ್ ಕೋಣೆ. ಬಾಗಿಲು ಸದಾ ತೆರೆದಿರುತ್ತಿತ್ತು. ಹುಡುಗಿಯರ ಊಟದ ಡಬ್ಬಿ, ಕ್ಯಾಲೆಂಡರಿನ ಕಟ್ಟು, ಡಾಕ್ಟರಮ್ಮನವರ ಛತ್ರಿ ಎಲ್ಲವೂ ಅಲ್ಲೇ ಇರುತ್ತಿದ್ದವು. ಹಳದಿ ವೈರಿನ ಪಕ್ಕದ ಪುಟ್ಟ ದೀಪ ಬಿಡುವಿಲ್ಲದೆ ಮಿಣುಕುತ್ತಿತ್ತು. ನೀಲಿ ವೈರಿನ ದೀಪ ಹೊತ್ತಿಗೊಮ್ಮೆ ಕಣ್ಣು ಮಿಟುಕಿಸಿ ಮತ್ತೆ ತಟಸ್ಥವಾಗುತ್ತಿತ್ತು, ಸಾಹೇಬರು ಬಂದಾಗ ಮಾತ್ರ ಕಡತ ತಿರುವುವವರ ಹಾಗೆ. ಮಂಡಕ್ಕಿ ಮೆಲ್ಲುತ್ತಾ ಒಂದು ವಾರ ನೋಡಿ, ಎಲ್ಲವನ್ನೂ ಬರೆದು, ಮೂರು ಪುಟದ ಒಂದು ವರದಿ ತಯಾರಿಸಿ ಡಾಕ್ಟರಮ್ಮನವರ ಮೇಜಿನ ಮೇಲಿಟ್ಟೆ. ಎರಡು ತೂತಿಗೆ ಮೂರು ಹೆಸರು, ಮೂರು ಹೆಸರಿಗೆ ಒಂದೇ ನಂಬರು, ನೀಲಿ ವೈರು ಬರೀ ತೋರಿಕೆಗೆ ಹಾಕಿದ್ದು ಎಂದು ಸಾರಾಂಶ.

ಡಾಕ್ಟರಮ್ಮ ಓದಿ ನಿಟ್ಟುಸಿರು ಬಿಟ್ಟರು. "ನಾಗರಾಜಪ್ಪರೇ, ಆ ಹೊಸ ನರ್ಸಿಂಗ್ ಹೋಮ್‌ನೋರು ತಮ್ಮ ಪೂರ್ತಿ ವೈರಿಂಗ್ ಕೆಲಸ ಯಾರಿಗೆ ಕೊಡೋಣ ಅಂತ ನನ್ನ ಕೇಳ್ಯಾರೆ. ಕೊಟ್ರೇಶನ ಹೆಸರು ಹೇಳಬೇಕು ಅಂತಿದ್ದೆ. ಈಗ ನೀವು ಹಿಂಗೆ ಬರ್ದು ಕೊಟ್ರೆ ನಾನು ಹೆಂಗೆ ಹೇಳ್ಲಿ?"

ಅದು ಕೊಟ್ರೇಶನ ಬದುಕಿನಲ್ಲಿ ಬಂದಿದ್ದ ಮೊದಲ ದೊಡ್ಡ ಕೆಲಸ. ಹರಿಹರದ ಚಿಕ್ಕ ಅಂಗಡಿಯವನಿಗೆ ದಾವಣಗೆರೆಯಲ್ಲಿ ಹೆಸರು ತಂದುಕೊಡುವಂಥದ್ದು. ಅದು ನನಗೂ ಗೊತ್ತಿತ್ತು. ಗೊತ್ತಿದ್ದೂ, "ಸ್ವಲ್ಪ ತಡೀರಿ ಮೇಡಂ, ಸಾಕ್ಷಿ ಸಮೇತ ತೋರಿಸ್ತೀನಿ" ಎಂದೆ. ಇದನ್ನು ಬರೆಯುವಾಗ ಈಗ ನಾಚಿಕೆಯಾಗುತ್ತಿದೆ, ಆಗ ಹೆಮ್ಮೆಯಾಗಿತ್ತು.

ಗುರುವಾರ ಮಧ್ಯಾಹ್ನದ ಊಟಕ್ಕೆ ಮೊದಲು, ಯಾರೂ ಇಲ್ಲದ್ದನ್ನು ನೋಡಿಕೊಂಡು, ನೀಲಿ ವೈರಿನ ಕುತ್ತಿಗೆಯ ಕ್ಲಿಪ್ಪು ಒತ್ತಿ ಎಳೆದೆ. ಟಕ್ಕೆಂದು ಕೈಗೆ ಬಂತು. ಹರಿಹರಕ್ಕೆ ಫೋನು ಮಾಡಿದೆ.

"ಶಕುಂತಲಮ್ಮ, ರಿಪೋರ್ಟ್ ಬರ್ತಾ ಅದಾವೇನಮ್ಮ?"

"ಬರ್ತಾ ಅದಾವೆ ಸರ. ಯಾಕ, ಏನಾತು?"

"ಏನಿಲ್ಲ, ಸುಮ್ನೆ ಕೇಳ್ದೆ."

ಗೆದ್ದೆ ಎನಿಸಿತು. ಕಿತ್ತರೂ ಏನೂ ಆಗಲಿಲ್ಲ, ಅಂದ ಮೇಲೆ ಅದು ಇದ್ದು ಏನು ಪ್ರಯೋಜನ? ಹಳದಿಯನ್ನಲ್ಲವೇ ಕಿತ್ತು ನೋಡಬೇಕಾಗಿದ್ದು ಎಂದು ನೀವು ಕೇಳುತ್ತೀರಿ. ಗಿರಿಜಾಳೂ ಆಮೇಲೆ ಅದನ್ನೇ ಕೇಳಿದಳು. ಆದರೆ ಹಳದಿ ಪಾಪ ನಿಯತ್ತಾಗಿ ದುಡಿಯುತ್ತಿತ್ತು, ಅದರ ಮೇಲೆ ನನಗೆ ಅನುಮಾನವಿರಲಿಲ್ಲ. ಗೇಟಿನಲ್ಲಿ ಕೂತವನು ಕಳ್ಳಹಾಜರಿಯವನನ್ನು ಹೊರಗೆ ಹಾಕಿ ನೋಡುತ್ತಾನೆಯೇ ಹೊರತು ಕೆಲಸ ಮಾಡುವವನನ್ನು ಎಬ್ಬಿಸಿ ಕಳಿಸುವುದಿಲ್ಲ. ಅಷ್ಟಕ್ಕೇ ನಿಲ್ಲಿಸಿ ವೈರನ್ನು ವಾಪಸ್ಸು ಸಿಕ್ಕಿಸಿದ್ದರೂ ಕಥೆ ಮುಗಿಯುತ್ತಿತ್ತು. ನಾನು ಅದರ ತುದಿಯನ್ನು ತೂತಿನ ಬಾಯಿಗೆ ಸುಮ್ಮನೆ ಆನಿಸಿ, ನೋಡಿದವರಿಗೆ ಸಿಕ್ಕಿಸಿದಂತೆಯೇ ಕಾಣುವ ಹಾಗೆ ಬಿಟ್ಟೆ. ಮುಂದಿನ ವಾರದ ಶನಿವಾರ ಕೊಟ್ರೇಶ ತಪಾಸಣೆಗೆ ಬರುವವನಿದ್ದ. ನೋಡದೆಯೇ ಎಲ್ಲ ಸರಿಯಾಗಿದೆ ಎನ್ನಲಿ, ಡಾಕ್ಟರಮ್ಮನವರ ಎದುರಿಗೇ ಹಿಡಿಯುತ್ತೇನೆ ಎನ್ನುವುದು ನನ್ನ ಲೆಕ್ಕಾಚಾರ.

ಶನಿವಾರ ಬರುವುದಕ್ಕೆ ಮೊದಲು ಮಂಗಳವಾರ ಬಂತು. ಹನ್ನೆರಡರ ಸುಮಾರಿಗೆ ಸರ್ವರ್ ಕೋಣೆಯಿಂದ ಸುಟ್ಟ ವಾಸನೆ. ಹಳದಿ ವೈರಿದ್ದ ಸ್ವಿಚ್ಚು ಪೆಟ್ಟಿಗೆಗೆ ಕರೆಂಟು ಕೊಡುವ ಅಡಾಪ್ಟರು ಕಪ್ಪಗಾಗಿತ್ತು. ಅದರ ವಾಸನೆ ಆರುವ ಮೊದಲೇ ಹರಿಹರದ ಫೋನು ಬಂತು.

"ಸರ, ಪೂರ್ತಿ ನಿಂತೋತು! ಇಲ್ಲೊಬ್ಬಾಕೆ ಗಂಡನ ಪ್ಲೇಟ್‌ಲೆಟ್ ರಿಪೋರ್ಟಿಗೆ ಬೆಳಗ್ಗಿನಿಂದ ಕುಂತಾಳ್ರಿ. ಜ್ವರ ಇಳಿದಿಲ್ಲಂತೆ. ರಿಪೋರ್ಟ್ ನೋಡೇ ದಾವಣಗೆರೆಗೆ ಕಳಸೋದಾ ಬ್ಯಾಡಾ ಅಂತ ಹೇಳ್ತೀನಿ ಅಂದಾರಂತೆ ಇಲ್ಲಿನ ಡಾಕ್ಟ್ರು."

ನಾನು ಓಡಿಹೋಗಿ ಪರೀಕ್ಷೆಯ ಯಂತ್ರದಿಂದಲೇ ಆ ಫಲಿತಾಂಶದ ಚೀಟಿ ಹರಿದುಕೊಂಡು ಬಂದು, ಫೋನಿನಲ್ಲಿ ಒಂದೊಂದೇ ಅಂಕಿ ಓದಿದೆ. ಶಕುಂತಲಮ್ಮ ಬರೆದುಕೊಂಡರು. ನಾನು ಮೂರು ಸಲ ವಾಪಸ್ಸು ಓದಿಸಿದೆ. ನನ್ನ ಅನುಮಾನ ಯಾರಿಗಾದರೂ ಉಪಕಾರ ಮಾಡಿದ್ದರೆ ಅದು ಆ ಐದು ನಿಮಿಷದಲ್ಲಿ ಮಾತ್ರ. ಆ ಹೆಂಗಸಿನ ಗಂಡನಿಗೆ ಹೆದರುವಂಥದ್ದೇನೂ ಇರಲಿಲ್ಲ ಎಂದು ಆಮೇಲೆ ತಿಳಿಯಿತು. ಆಗ ಮಾತ್ರ ಫೋನಿನ ಆ ತುದಿಯಲ್ಲಿ ಆಕೆ "ಏನಂತ್ರೀ, ಏನಂತ್ರೀ" ಎಂದು ಕೇಳುತ್ತಿದ್ದದ್ದು ನನಗೆ ಕೇಳಿಸುತ್ತಿತ್ತು.

ಇನ್ನುಳಿದವರ ರಿಪೋರ್ಟುಗಳನ್ನು ಓದಿ ಹೇಳುತ್ತಾ ಸುಮಾರು ಒಂದು ಗಂಟೆ ಹೋಯಿತು. ಸರ್ವರಿನ ಬೆನ್ನ ಹಿಂದೆ ನೀಲಿ ವೈರು ಆನಿಸಿಟ್ಟಲ್ಲೇ ಇತ್ತು. ಅದು ನನ್ನ ತಲೆಗೆ ಬರಲೇ ಇಲ್ಲ, ಏಕೆಂದರೆ ಅದು ಕೆಲಸಕ್ಕೆ ಬಾರದ್ದು ಎಂದು ತೀರ್ಪು ಕೊಟ್ಟು ಮುಗಿಸಿದ್ದೆ. ಡಾಕ್ಟರಮ್ಮ ಫೋನು ಮಾಡಿ ಕರೆದಿದ್ದಾರೆ, ಕೊಟ್ರೇಶ ಹೊರಟಿದ್ದಾನೆ ಎಂದು ಗೊತ್ತಾದಾಗ, ಬಂದು ಅದನ್ನು ನೋಡಿಬಿಟ್ಟಾನು ಎಂಬ ಭಯದಲ್ಲಿ ಒಳಗೆ ಹೋಗಿ ಮೆಲ್ಲಗೆ ಒತ್ತಿದೆ. ಟಕ್ ಎಂದಿತು. ನೀಲಿ ದೀಪ ಒಂದು ಸಲ ಹೊತ್ತಿ, ಆಮೇಲೆ ಹಳದಿಯದು ಮಿಣುಕುತ್ತಿದ್ದ ಹಾಗೆಯೇ ಮಿಣುಕತೊಡಗಿತು. ಜೇಬಿನಲ್ಲಿದ್ದ ಫೋನು ಬಡಿದುಕೊಂಡಿತು.

"ಬಂತು ಸರ, ಎಲ್ಲಾ ಬಂತು! ಏನ್ ಮಾಡಿದ್ರಿ?"

ನಾನು ಏನು ಮಾಡಿದ್ದೆ ಎಂದು ನನಗೆ ಆಗ ಪೂರ್ತಿ ಅರ್ಥವಾಯಿತು. ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತೆ. ಅದೇ ಹೊತ್ತಿಗೆ ಡಾಕ್ಟರಮ್ಮ ಒಳಗೆ ಬಂದರು. "ನೀವೇ ಸರಿಮಾಡಿದ್ರಾ? ದೇವರು ಬಂದಂಗೆ ಬಂದ್ರಿ ನೋಡ್ರಿ" ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ, "ನೀವು ಬರ್ದು ಕೊಟ್ಟಿದ್ದೇ ಸರಿ ನಾಗರಾಜಪ್ಪರೇ. ಒಂದು ಹೋದ್ರೆ ಇನ್ನೊಂದು ಐತೆ ಅಂದಿದ್ದ ಕೊಟ್ರೇಶ. ಒಂದು ಹೋದ ಕೂಡ್ಲೇ ಎಲ್ಲಾ ನಿಂತೋಯ್ತಲ್ಲ. ನಾನೇ ಸುಮ್ನೆ ನಿಮ್ಮನ್ನ ನಂಬಲಿಲ್ಲ" ಎಂದರು. ನಮ್ಮ ಡಾಕ್ಟರಮ್ಮ ನನ್ನನ್ನು ಹೊಗಳಿದ್ದು ನನಗೆ ನೆನಪಿರುವ ಹಾಗೆ ಅದೇ ಮೊದಲು. ತೆರೆದ ಬಾಯಿ ಮುಚ್ಚಿದೆ.

ಕೊಟ್ರೇಶ ಬಂದು ಬೇರೆ ಅಡಾಪ್ಟರು ಹಾಕಿದ. ಆಮೇಲೆ ಕಪ್ಪು ಪರದೆಯ ಮುಂದೆ ಕೂತ. ಯಾವ ವೈರು ಯಾವಾಗ ಬಿತ್ತು, ಯಾವಾಗ ಎದ್ದಿತು ಎಂಬುದನ್ನು ಕಂಪ್ಯೂಟರು ತನ್ನಷ್ಟಕ್ಕೆ ಬರೆದಿಟ್ಟುಕೊಳ್ಳುತ್ತದೆ ಎಂದು ನನಗೆ ಅಲ್ಲಿಯವರೆಗೂ ತಿಳಿದಿರಲಿಲ್ಲ. ತಿಳಿದಿದ್ದರೆ ನಾನು ಅದನ್ನು ಬಹಳ ಗೌರವಿಸುತ್ತಿದ್ದೆ. ಅವನ ಹೆಗಲ ಮೇಲಿಂದ ನನಗೂ ಆ ಸಾಲು ಕಂಡಿತು: ನೀಲಿ ಲೈನು, ಗುರುವಾರ ಹನ್ನೊಂದು ನಲವತ್ತೆರಡಕ್ಕೆ ಕಡಿತ. ಇನ್ನೊಂದು ಸಾಲು: ಇಂದು ಒಂದು ಹತ್ತಕ್ಕೆ ಮತ್ತೆ ಜೋಡಣೆ. ಕೊಟ್ರೇಶ ಅದನ್ನು ತುಂಬಾ ಹೊತ್ತು ನೋಡಿದ. ಕುರ್ಚಿಯನ್ನು ನೋಡಿದ. ನೆಲದ ಮೇಲೆ ಬಿದ್ದಿದ್ದ ಮಂಡಕ್ಕಿ ಕಾಳನ್ನು ನೋಡಿದ. ನಾನು ಫ್ಯಾನು ನೋಡಿದೆ.

"ಏನಾಗಿತ್ತು?" ಎಂದರು ಡಾಕ್ಟರಮ್ಮ.

"ನೀಲಿ ಲೈನು ಗುರುವಾರದಿಂದ ತೂತಿನಾಗೆ ಸರಿಯಾಗಿ ಕೂತಿರ್ಲಿಲ್ಲ ಮೇಡಂ. ಹಂಗಾಗಿ ಹಳದಿ ಬಿದ್ದಾಗ ಎದ್ದು ನಿಲ್ಲಾಕೆ ಆಗಿಲ್ಲ. ಮೊದಲನೇ ದಿನಾನೇ ಕೈಗೆ ಸಿಗದಂಗೆ ಕವರ್ ಹಾಕ್ಬೇಕಿತ್ತು. ನಾನು ಹಾಕ್ಲಿಲ್ಲ."

"ಅಂದ್ರೆ ನಿಮ್ದೇ ತಪ್ಪು."

"ಹೂಂ ಮೇಡಂ."

"ನಾನು ಆ ನರ್ಸಿಂಗ್ ಹೋಮ್‌ನೋರಿಗೆ ಏನ್ ಹೇಳ್ಲಿ ಈಗ?"

ಕೊಟ್ರೇಶ ಚೀಲಕ್ಕೆ ಸ್ಕ್ರೂಡ್ರೈವರು ಹಾಕಿಕೊಂಡು, "ಬರ್ತೀನಿ ಸರ" ಎಂದು ನನಗೂ ಹೇಳಿ ಹೋದ.

ಒಳ್ಳೆಯ ಮನುಷ್ಯನಾಗಿದ್ದರೆ ನಾನು ಆಗಲೇ ಪಶ್ಚಾತ್ತಾಪ ಪಡುತ್ತಿದ್ದೆ. ನನಗೆ ಮೊದಲು ಬಂದದ್ದು ಅನುಮಾನ. ಇವನು ಯಾಕೆ ನನ್ನ ಹೆಸರು ಹೇಳಲಿಲ್ಲ? ಮುಂದೆ ನನ್ನಿಂದ ಏನೋ ಆಗಬೇಕಾಗಿದೆ, ಅದಕ್ಕೇ ಬಾಯಿ ಕಟ್ಟಿಕೊಂಡಿದ್ದಾನೆ. ರಾತ್ರಿ ಊಟಕ್ಕೆ ಕೂತಾಗ ಗಿರಿಜಾಳಿಗೆ ಎಲ್ಲ ಹೇಳಿದೆ. ಅವಳು ಸೌಟು ಹಿಡಿದುಕೊಂಡೇ ಕೇಳಿಸಿಕೊಂಡಳು.

"ನಿಮಗೆ ಯಾರರ ಕುಡಿಯಾಕೆ ನೀರು ಕೊಟ್ರೂ ಯಾಕ ಕೊಟ್ಟ ಅಂತೀರಿ" ಎಂದಳು. "ಇಲ್ಲಿ ಕುಂತು ನನ್ನ ತಲೆ ತಿನ್ನಬ್ಯಾಡ್ರಿ. ಹೋಗಿ ಆ ಹುಡುಗನ್ನೇ ಕೇಳ್ರಿ. ಅವ್ನಿಗೂ ಹೆಂಡ್ತಿ ಮಕ್ಳು ಇರ್ತಾರೆ."

ಮಾರನೇ ಬೆಳಿಗ್ಗೆ ಖಾಲಿ ಐಸು ಡಬ್ಬಿಗಳ ಜೊತೆ ವ್ಯಾನಿನಲ್ಲಿ ಕೂತು ಹರಿಹರಕ್ಕೆ ಹೋದೆ. ಕೊಟ್ರೇಶ ಅಂಗಡಿಯಲ್ಲಿ ಒಬ್ಬನೇ ಇದ್ದ. ಸ್ಟೂಲು ಒರೆಸಿ, "ಬರ್ರಿ ಸರ, ಕೂಡ್ರಿ" ಎಂದು ಟೀ ತರಿಸಿದ. ಟೀ ಯಾಕೆ ತರಿಸಿದ ಎಂದು ಯೋಚಿಸುತ್ತಲೇ ಕುಡಿದೆ.

"ನಿನಗೆ ಗೊತ್ತಾಗಿತ್ತಲ್ಲಪ್ಪ, ಆ ವೈರು ತಾನಾಗೇ ಬಿದ್ದಿದ್ದಲ್ಲ ಅಂತ."

"ಗೊತ್ತಿತ್ತು ಸರ. ಅದು ತಾನಾಗೇ ಬೀಳೋದಲ್ಲ."

"ಮತ್ಯಾಕೆ ಮೇಡಂ ಮುಂದೆ ಹೇಳ್ಲಿಲ್ಲ?"

"ಅದರಾಗೆ ಯಾವಾಗ ಅಂತ ಬರ್ದಿರ್ತೈತೆ ಸರ, ಯಾರು ಅಂತ ಬರ್ದಿರಂಗಿಲ್ಲ. ಬಾಗ್ಲು ತೆಗೆದಿರೋ ಕೋಣೆ, ಹತ್ತು ಜನ ಓಡಾಡ್ತಾರೆ. ನೀವೇ ಇರಬೌದು ಅಂತ ನನಗೆ ಅನ್ನಿಸ್ತು. ಬರೇ ಅನುಮಾನದ ಮ್ಯಾಲೆ ಒಬ್ಬರ ಹೆಸರು ಹೆಂಗ್ ಹೇಳೋದು? ಅವರ ಮರ್ಯಾದಿ ಹೋಕ್ಕೈತಲ್ಲ."

ಅವನು ಅದನ್ನು ನನಗೆ ಚುಚ್ಚಬೇಕೆಂದು ಹೇಳಲಿಲ್ಲ. ನನ್ನ ಮೂರು ಪುಟದ ವರದಿಯ ವಿಷಯ ಅವನಿಗೆ ಗೊತ್ತೇ ಇರಲಿಲ್ಲ. ಅವನ ಮುಖದಲ್ಲಿ ಏನಾದರೂ ಸಿಗುತ್ತದೆಯೋ ಎಂದು ನಾನು ಹುಡುಕಿದೆ, ಸಿಗಲಿಲ್ಲ. ಹೇಳಿಬಿಡುತ್ತೇನೆ, ನನಗೆ ಆ ಸ್ಟೂಲಿನ ಮೇಲೆ ಅಳು ಬಂತು.

ವ್ಯಾನಿನಲ್ಲಿ ವಾಪಸ್ಸು ಬರುವಾಗ ಮಿಲ್ಲಿನ ಬದಲಿಗಳು ನೆನಪಾದರು. ಬದಲಿ ಎಂದರೆ ಕಾಯಂ ಕೆಲಸವಿಲ್ಲದವರು. ದಿನಾ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಬಂದು ಗೇಟಿನ ಹೊರಗೆ ಸುಮ್ಮನೆ ಕೂರುತ್ತಿದ್ದರು. ಮಗ್ಗದವನೊಬ್ಬ ಬರಲಿಲ್ಲ ಎಂದಾಗ ನಾನು ಕೈಮಾಡಿ ಕರೆಯುತ್ತಿದ್ದೆ. ಬದಲಿಯವನು ಓಡಿಬಂದು ಅವನ ಮಗ್ಗಕ್ಕೆ, ಅವನದೇ ನಂಬರಿನ ಮೇಲೆ ನಿಲ್ಲುತ್ತಿದ್ದ. ಕೈ ಬದಲಾಗಿದ್ದು ಬಟ್ಟೆಯಲ್ಲಿ ಗೊತ್ತಾಗುತ್ತಿರಲಿಲ್ಲ. ಕರೆಯದ ದಿನ ಬುತ್ತಿ ಉಂಡು ಎದ್ದು ಹೋಗುತ್ತಿದ್ದರು. ಅವರು ಸೋಮಾರಿಗಳು ಎಂದು ಯಾರೂ ಅನ್ನುತ್ತಿರಲಿಲ್ಲ, ನಾನೂ ಅಂದವನಲ್ಲ. ಒಂದೇ ನಂಬರಿನಲ್ಲಿ ಇಬ್ಬರನ್ನು ನಿಲ್ಲಿಸುವ ವ್ಯವಸ್ಥೆಯನ್ನು ಅಷ್ಟು ವರ್ಷ ಸ್ವಂತ ಕೈಯಿಂದ ನಡೆಸಿದ ಮನುಷ್ಯನಿಗೆ ನೆನಪಿನಲ್ಲಿ ಉಳಿದದ್ದು ಕಳ್ಳಹಾಜರಿ ಮಾತ್ರ.

ಲ್ಯಾಬಿಗೆ ಬಂದವನೇ ನೇರವಾಗಿ ಡಾಕ್ಟರಮ್ಮನವರ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ಗುರುವಾರ ಹನ್ನೊಂದು ನಲವತ್ತೆರಡರಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಕೆಲಸ ಬಿಡಿಸಿದರೆ ಬಿಡಿಸಲಿ ಎಂದು ಗಟ್ಟಿಮನಸ್ಸು ಮಾಡಿದ್ದೆ.

"ನನ್ನ ಕೈಯ್ಯಾಗೆ ಆ ಮನುಷ್ಯನಿಗೆ ಬೈಸಿಬಿಟ್ರಲ್ರೀ" ಎಂದರು ಡಾಕ್ಟರಮ್ಮ. ಬೈದಿದ್ದರೆ ಚೆನ್ನಾಗಿತ್ತು, ಅವರು ಬೇಸರದಿಂದ ಹೇಳಿದರು. ನಾನು ನಿಂತೇ ಇರುವಾಗ ನರ್ಸಿಂಗ್ ಹೋಮಿಗೆ ಫೋನು ಮಾಡಿ, ಕಣ್ಣು ಮುಚ್ಚಿ ಕೊಟ್ರೇಶನಿಗೆ ಕೆಲಸ ಕೊಡಬಹುದು ಎಂದರು. ಆಮೇಲೆ ಕೊಟ್ರೇಶನಿಗೆ ಫೋನು ಮಾಡಿ, ನಾನು ಹೇಳಿದ್ದನ್ನೆಲ್ಲ ತಿಳಿಸಿ, ತಾವೂ ತಪ್ಪಾಯಿತು ಎಂದರು. ಆ ಕಡೆಯಿಂದ ಅವನು ಏನೋ ಹೇಳಿದ. ಡಾಕ್ಟರಮ್ಮ ಹುಬ್ಬೇರಿಸಿ ನನ್ನ ಕಡೆ ನೋಡಿ, "ಹೌದಾ? ಅವರಿಗೇನಾ? ನಿಜವಾಗ್ಲೂ?" ಎಂದು ಮೂರು ಸಲ ಕೇಳಿ ಫೋನಿಟ್ಟರು.

"ಆ ಕೋಣೆಗೆ ಇವತ್ತಿನಿಂದ ಬೀಗ ಹಾಕ್ಬೇಕಂತೆ. ಒಬ್ಬರನ್ನ ಬಿಟ್ಟು ಇನ್ಯಾರೂ ಒಳಗೆ ಹೋಗಬಾರದಂತೆ. ಕೀಲಿ ನಿಮ್ಮ ಹತ್ರಾನೇ ಇರ್ಲಿ ಅಂದ ಕೊಟ್ರೇಶ. ನಿಮ್ಮಷ್ಟು ಗಮನ ಇಟ್ಟು ಅದನ್ನ ನೋಡೋರು ಯಾರೂ ಇಲ್ವಂತೆ."

ಕೊಟ್ರೇಶ ಹೀಗೆ ಯಾಕೆ ಹೇಳಿದ ಎಂದು ಎರಡು ದಿನ ಯೋಚಿಸಿ ಬಿಟ್ಟುಬಿಟ್ಟೆ. ಈಗ ಸರ್ವರ್ ಕೋಣೆಗೆ ಹಿತ್ತಾಳೆಯ ದಪ್ಪ ಬೀಗ ಬಿದ್ದಿದೆ. ಊಟದ ಡಬ್ಬಿಗಳು, ಛತ್ರಿ ಎಲ್ಲ ಹೊರಗೆ ಬಂದಿವೆ. ಹಳದಿ ದುಡಿಯುತ್ತಿದೆ, ನೀಲಿ ಕಾಯುತ್ತಿದೆ, ಎರಡರ ಮೇಲೂ ನನಗೆ ಯಾವ ತಕರಾರೂ ಇಲ್ಲ. ಆದರೆ ಆ ಕೋಣೆಯೊಳಗೆ ದಿನಕ್ಕೆ ಎರಡು ಸಲ ಒಬ್ಬ ಮನುಷ್ಯ ಒಬ್ಬನೇ ಹೋಗುತ್ತಾನೆ. ವಯಸ್ಸು ಐವತ್ತೇಳು, ಹಿಂದೆ ಒಮ್ಮೆ ವೈರು ಕಿತ್ತ ದಾಖಲೆ ಇದೆ, ಹೊರಗೆ ಬರುವಾಗ ಮುಖದ ಮೇಲೆ ಏನೂ ತೋರಿಸಿಕೊಳ್ಳುವುದಿಲ್ಲ. ಅವನ ಮೇಲೆ ನಾನು ಒಂದು ಕಣ್ಣಿಟ್ಟಿದ್ದೇನೆ.